ಟರ್ಕಿ ಕೋಳಿಯ ಬೇಟೆಗೆ ಅಗ್ಗದ ಬಂದೂಕು

ಟರ್ಕಿ ಕೋಳಿಗೂ ಟರ್ಕಿ ದೇಶಕ್ಕೂ ಹುಟ್ಟಿನಿಂದ ಯಾವ ನಂಟೂ ಇಲ್ಲ. ಅದು ಅಮೆರಿಕಾ ಖಂಡದ ಪಕ್ಷಿ. ೧೬೧೨ರಲ್ಲಿ ಮುಕರ್ರಬ್ ಖಾನನು ಗೋವೆಯಲ್ಲಿ ಕೊಂಡು ತಂದೊಪ್ಪಿಸಿದ ಇಂತಹದೊಂದು ಪಕ್ಷಿಯನ್ನು ಕಂಡು ಜಹಾಂಗೀರ್ ಬಾದಷಹನು ಬೆರಗಾಗಿ, ಅದರ ತಲೆಯೂ ಕೊರಳೂ ಗಳಿಗೆಗೊಂದು ಬಣ್ಣ ತಾಳುವ ಸೋಜಿಗವನ್ನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟನು. ಮನ್ಸೂರನೆಂಬ ಚಿತ್ರಕಾರನಿಂದ ಅದರ ಪಟವನ್ನೂ ಬರೆಯಿಸಿದನು. ಆ ಬಣ್ಣದ ತಲೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ವಿಷಯವೆಲ್ಲ ಅದನ್ನೇ ಸುತ್ತಿಕೊಂಡಿದೆ.

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಅಲಾಸ್ಕವೊಂದನ್ನುಳಿದು ಮಿಕ್ಕ ೪೯ ಸಂಸ್ಥಾನಗಳಲ್ಲಿಯೂ ಕಾಡು ಟರ್ಕಿಗಳಿವೆ. ವಸಂತದಲ್ಲಿ ಕೆಲವು ವಾರಗಳು ಗಂಡು ಪಕ್ಷಿಗಳ ಬೇಟೆಗೆ ಸರ್ಕಾರದ ಅನುಮತಿಯುಂಟು. ಆ ದೇಶದಲ್ಲಿ ಸಂಸಾರ ಹೂಡಿರುವ ನಮ್ಮವರನ್ನು ನೆರೆಹೊರೆಯವರು ಈ ಬೇಟೆಗೆ ಕರೆಯುವುದೂ ಉಂಟು. ಮಿಸೌರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕೊಡಗಿನವನು. ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುವ ಮನೆತನದಲ್ಲಿ ಬೆಳೆದವನು. ಅವನ ಮನೆಯಲ್ಲಿ ಒಂದು ವಸಂತವನ್ನು ಕಳೆದಾಗ, "ಮೇಷ್ಟ್ರೇ, ಮನೆಯ ಸಾಲ, ಮಕ್ಕಳ ಫೀಜು ಎರಡೂ ತಲೆಯ ಮೇಲಿವೆ. ಕಡಿಮೆ ಖರ್ಚಿನಲ್ಲಿ ಯಾವ ಕೋವಿ ಕೊಳ್ಳಲಿ?" ಎಂದು ಕೇಳಿದನು. ನಾನು ಮಾಂಸಾಹಾರಿಯಲ್ಲ, ಬೇಟೆಗಾರನೂ ಅಲ್ಲ. ಆದರೂ ಅಂಗಡಿಗಳಿಗೆ ಅವನೊಡನೆ ಹೋಗಿ, ಬಲ್ಲವರನ್ನು ವಿಚಾರಿಸಿ, ಗುಂಡಿನ ಪರೀಕ್ಷೆಯ ದಿನ ಕಾಗದದ ಮೇಲಿನ ತೂತುಗಳನ್ನು ಎಣಿಸಿಕೊಟ್ಟವನು ನಾನೇ. ಕೊಲ್ಲುವುದೇ ನಿಶ್ಚಯವಾದ ಮೇಲೆ ಪ್ರಾಣಿಯು ನರಳದಂತೆ ಕೊಲ್ಲಬೇಕೆಂಬುದು ಬೇಟೆಯಾಡದವನೂ ಹೇಳಬಹುದಾದ ಮಾತು.

ಬಂದೂಕನ್ನು ಆರಿಸುವುದಕ್ಕೆ ಮೊದಲು ಬೇಟೆಯ ಕ್ರಮವನ್ನು ತಿಳಿಯತಕ್ಕದ್ದು. ಈ ಪಕ್ಷಿಯ ದೃಷ್ಟಿ ಬಹು ಚುರುಕು. ಅದನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯಲಾಗದು. ಬೇಟೆಗಾರನು ಎಲೆಬಣ್ಣದ ಬಟ್ಟೆ ತೊಟ್ಟು, ನಸುಕಿನಲ್ಲಿಯೇ ಮರಕ್ಕೆ ಬೆನ್ನು ಕೊಟ್ಟು ಕುಳಿತು, ಮರದ ಸಣ್ಣ ಪೆಟ್ಟಿಗೆಯಿಂದಲೋ ಬಳಪದ ಕಲ್ಲಿನ ತುಂಡಿನಿಂದಲೋ ಹೇಂಟೆಯ ಕೂಗನ್ನು ಅನುಕರಿಸುತ್ತಾನೆ. ಹುಂಜವು ಅದನ್ನು ನಂಬಿ, ಗರಿಗೆದರಿ, ಹೆಜ್ಜೆ ಹೆಜ್ಜೆಗೂ ನಿಂತು ನೋಡುತ್ತ ಬರುತ್ತದೆ. ಅದು ೪೦ ಗಜದೊಳಕ್ಕೆ ಬಂದು ತಲೆಯೆತ್ತಿ ನಿಂತಾಗ, ತಲೆ ಮತ್ತು ಕೊರಳಿಗೆ ಒಂದೇ ಏಟು. ಮೈಗೆ ಹೊಡೆದರೆ ದಟ್ಟವಾದ ಗರಿಯೂ ಎದೆಯ ಮಾಂಸವೂ ಚರೆಗಳನ್ನು ತಡೆದು, ಪಕ್ಷಿಯು ಗಾಯಗೊಂಡು ಪೊದೆ ಸೇರಿ ದಿನಗಟ್ಟಲೆ ನರಳೀತು.

ಇದರಿಂದ ಸಿದ್ಧವಾಗುವುದೇನೆಂದರೆ, ಈ ಬೇಟೆಗೆ ವೇಗವಾಗಿ ಐದಾರು ಗುಂಡು ಹಾರಿಸುವ ಬಂದೂಕು ಬೇಕಿಲ್ಲ. ನಿಂತ ಗುರಿಗೆ ಒಂದು ಏಟನ್ನು ಒತ್ತಾಗಿ ಕಳುಹಿಸುವ ಬಂದೂಕು ಬೇಕು. ೧೫೦೦ ಡಾಲರಿಗೂ ಮೇಲ್ಪಟ್ಟ ಸ್ವಯಂಚಾಲಿತ ಬಂದೂಕುಗಳು ಅಂಗಡಿಯ ಗೋಡೆಯಲ್ಲಿ ಮಿರುಗುತ್ತಿರುತ್ತವೆ. ಅವುಗಳ ಬೆಲೆಯಲ್ಲಿ ಹೆಚ್ಚಿನ ಪಾಲು ಈ ಬೇಟೆಗೆ ಬೇಡದ ಗುಣಗಳಿಗೆ ಸಲ್ಲುತ್ತದೆ.

ಒತ್ತು ಎಂಬುದು ನಳಿಗೆಯ ಬಾಯಿಯಿಂದ ಬರುವ ಗುಣ. ಬಾಯಿಯ ಬಳಿ ನಳಿಗೆಯನ್ನು ತುಸು ಕಿರಿದುಮಾಡಿರುವುದಕ್ಕೆ ಚೋಕು ಎಂದು ಹೆಸರು. ಕಿರಿದು ಮಾಡದ ನಳಿಗೆಯಿಂದ ಚರೆಗಳು ಬೇಗನೆ ಚೆದರಿ ಹೋಗುತ್ತವೆ. ಫುಲ್ ಚೋಕು ಎಂಬುದಾದರೆ ೪೦ ಗಜದಲ್ಲಿ ೩೦ ಅಂಗುಲದ ವೃತ್ತದೊಳಗೆ ನೂರಕ್ಕೆ ಸುಮಾರು ೭೦ ಚರೆಗಳನ್ನು ಸೇರಿಸುತ್ತದೆ. ಈಗಿನ ಬಂದೂಕುಗಳಲ್ಲಿ ಚೋಕು ತಿರುಪಿನ ಸಣ್ಣ ಕೊಳವೆಯಾಗಿದ್ದು, ಬೇಕಾದಾಗ ಬದಲಿಸಬಹುದು. ನನ್ನ ಶಿಷ್ಯನು ಮೊದಲು ಕೈಗೆತ್ತಿಕೊಂಡದ್ದು ಅಂಗಡಿಯಲ್ಲೆಲ್ಲ ಅಗ್ಗವಾದ ಒಂದು ಕೋವಿ. ಅದು ಮನೆಯ ಕಾವಲಿಗೆಂದು ಮಾಡಿದ್ದು. ನಳಿಗೆ ಮೋಟು, ಚೋಕು ಇಲ್ಲ, ಹಾಕುವುದಕ್ಕೆ ತಿರುಪೂ ಇಲ್ಲ. ಅಂತಹದು ಉಚಿತವಾಗಿ ಬಂದರೂ ಟರ್ಕಿಯ ಬೇಟೆಗೆ ದಂಡವೇ.

ಗೇಜು ಎಂಬ ಲೆಕ್ಕ ಕೇಳುವವರಿಗೆ ವಿಪರೀತವಾಗಿ ತೋರೀತು. ಒಂದು ಪೌಂಡು ಸೀಸದಿಂದ ಸಮಾನವಾದ ೧೨ ಗುಂಡುಗಳನ್ನು ಎರೆದರೆ ಅದರಲ್ಲಿ ಒಂದು ಗುಂಡು ಹಿಡಿಸುವ ನಳಿಗೆ ೧೨ ಗೇಜಿನದು; ೨೦ ಗುಂಡು ಎರೆದರೆ ೨೦ ಗೇಜು. ಆದುದರಿಂದ ಸಂಖ್ಯೆ ಏರಿದಷ್ಟೂ ನಳಿಗೆ ಸಣ್ಣದು. ೧೨ ಗೇಜು ಹೆಚ್ಚು ಚರೆಯನ್ನು ಒಯ್ಯುತ್ತದೆ. ಅದರ ತೋಟೆಗಳು ಎಲ್ಲ ಊರಿನಲ್ಲಿಯೂ ಸಿಕ್ಕುತ್ತವೆ. ಆದರೆ ಹಗುರವಾದ ಕೋವಿಯಲ್ಲಿ ಮೂರೂವರೆ ಅಂಗುಲದ ದೊಡ್ಡ ತೋಟೆಯನ್ನು ಹಾರಿಸಿದರೆ ಭುಜಕ್ಕೆ ಬೀಳುವ ಒದೆತ ಅಷ್ಟಿಷ್ಟಲ್ಲ. ಒದೆತಕ್ಕೆ ಹೆದರಿದವನು ಕಣ್ಣು ಮುಚ್ಚಿ ಕುದುರೆಯೆಳೆಯುತ್ತಾನೆ. ಮೂರಂಗುಲದ ತೋಟೆಯೇ ಧಾರಾಳವಾಗಿ ಸಾಕು. ಹೆಂಗಸರಿಗೂ ತೆಳುಮೈಯವರಿಗೂ ೨೦ ಗೇಜೇ ಹಿತವೆಂದು ನನ್ನ ಅಭಿಪ್ರಾಯ.

ಇನ್ನು ಬೆಲೆ. ಕೈಯಿಂದ ಹಿಂದುಮುಂದೆ ಎಳೆದು ತೋಟೆ ತುಂಬುವ ಪಂಪ್ ಬಂದೂಕುಗಳಲ್ಲಿ, ಮಾಸ್‌ಬರ್ಗ್ ಕಂಪೆನಿಯ ಮಾವೆರಿಕ್ ೮೮ ಎಂಬುದು ಹೊಸದಾಗಿಯೇ ೨೫೦ ಡಾಲರಿನ ಆಸುಪಾಸಿನಲ್ಲಿ ದೊರೆಯುತ್ತದೆ. ಉದ್ದ ನಳಿಗೆಯ, ಚೋಕು ಬದಲಿಸಬಹುದಾದ ಮಾದರಿಯನ್ನೇ ಕೇಳಿ ಪಡೆಯಬೇಕು. ೧೯೫೦ರಲ್ಲಿ ಹುಟ್ಟಿದ ರೆಮಿಂಗ್ಟನ್ ೮೭೦, ಮುಂದಿನ ದಶಕದಲ್ಲಿ ಬಂದ ಮಾಸ್‌ಬರ್ಗ್ ೫೦೦ ಇವುಗಳ ಹಳೆಯ ಕೋವಿಗಳು ಅಲ್ಲಿ ಊರೂರಿನ ಅಂಗಡಿಗಳಲ್ಲಿವೆ. ಇದಕ್ಕೂ ಅಗ್ಗವಾದ ಮಡಚುವ ಒಂಟಿನಳಿಗೆಯೂ ಉಂಟು. ಇಂತಹ ಅಗ್ಗದ ಕೋವಿಗಳು ಈಚೆಗೆ ಅನೇಕವಾಗಿ ಟರ್ಕಿ ದೇಶದಿಂದಲೇ ಬರುತ್ತವೆ. ಹುಟ್ಟಿನಲ್ಲಿ ಇಲ್ಲದ ನಂಟು ಪಾಪ ಆ ಕೋಳಿಗೆ ಮರಣದಲ್ಲಿ ಕೂಡಿಬಂದಿದೆ! ಹೊಸ ಬಂದೂಕಿನ ಬೆಲೆಯಲ್ಲಿ ನೂರಕ್ಕೆ ೧೧ರ ಸುಂಕವೂ ಅಡಗಿದೆ. ೧೯೩೭ರ ಪಿಟ್‌ಮನ್-ರಾಬರ್ಟ್‌ಸನ್ ಶಾಸನದಂತೆ ಆ ಹಣ ವನ್ಯಪ್ರಾಣಿಗಳ ರಕ್ಷಣೆಗೆ ಸಲ್ಲುತ್ತದೆ. ಕಳೆದ ಶತಮಾನದ ಆದಿಯಲ್ಲಿ ಎಷ್ಟೋ ಸಂಸ್ಥಾನಗಳಲ್ಲಿ ನಿರ್ನಾಮವಾಗಿದ್ದ ಈ ಪಕ್ಷಿಗಳನ್ನು, ಉಳಿದಿದ್ದ ಕಡೆ ಬಲೆಯಿಂದ ಹಿಡಿದು ಒಯ್ದು ಬಿಟ್ಟು ಮತ್ತೆ ಹೆಚ್ಚಿಸುವುದಕ್ಕೆ ಇಂತಹ ಹಣವೇ ಬಹುಮಟ್ಟಿಗೆ ನೆರವಾಯಿತು.

ಹಳೆಯ ಕೋವಿ ಕೊಳ್ಳುವವರು ನಳಿಗೆಯ ಮೇಲೆ ಕೆತ್ತಿರುವ ಅಂಕಿಯನ್ನು ಓದದೆ ಹಣ ಕೊಡಕೂಡದು. ಅನೇಕ ಹಳೆಯ ಕೋವಿಗಳು ಎರಡೂಮುಕ್ಕಾಲು ಅಂಗುಲದ ತೋಟೆಗೆ ಮಾಡಿದವು. ಮೂರಂಗುಲದ್ದೂ ಅವುಗಳೊಳಗೆ ಸಲೀಸಾಗಿ ಕೂರುತ್ತದೆ. ಆದರೆ ಹಾರಿದಾಗ ಅದರ ಮಡಿಸಿದ ಬಾಯಿ ಬಿಚ್ಚಿಕೊಳ್ಳಲು ಎಡೆ ಸಾಲದೆ ಒತ್ತಡವು ಅಪಾಯಕರವಾಗಿ ಏರುತ್ತದೆ. ಒಂದೇ ಮನೆಯಲ್ಲಿ ೧೨ ಮತ್ತು ೨೦ ಎರಡೂ ಇದ್ದರೆ ಇನ್ನೊಂದು ಗಂಡಾಂತರ: ೨೦ರ ತೋಟೆ ೧೨ರ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ, ಅದನ್ನರಿಯದೆ ಹಿಂದೆ ೧೨ರ ತೋಟೆಯನ್ನಿಟ್ಟು ಹಾರಿಸಿದರೆ ನಳಿಗೆ ಕೈಯಲ್ಲಿಯೇ ಸಿಡಿಯುತ್ತದೆ. ೨೦ರ ತೋಟೆಗಳಿಗೆ ಹಳದಿ ಬಣ್ಣ ಹಾಕಿರುವುದು ಇದಕ್ಕಾಗಿಯೇ.

ಬಂದೂಕಿನಲ್ಲಿ ಉಳಿಸಿದ ಹಣದಲ್ಲಿ ಒಂದಂಶವನ್ನು ಪರೀಕ್ಷೆಗೆ ವ್ಯಯಮಾಡಲೇಬೇಕು. ಬಹುಮಂದಿ ಇದನ್ನು ಮಾಡುವುದಿಲ್ಲ. ಒಂದೇ ಕಂಪೆನಿಯ ಎರಡು ಕೋವಿಗಳು ಒಂದೇ ತೋಟೆಯನ್ನು ಒಂದೇ ಬಗೆಯಾಗಿ ಎರಚುವುದಿಲ್ಲ. ಮೊದಲು ಅಗ್ಗದ ಹಗುರ ತೋಟೆಗಳಿಂದ ೨೦ ಗಜದಲ್ಲಿ ಹಾರಿಸಿ, ನೋಡಿದ ಕಡೆಗೇ ಏಟು ಹೋಗುತ್ತದೆಯೇ ಎಂದು ತಿಳಿಯಬೇಕು. ನಳಿಗೆಯ ತುದಿಯ ಮಣಿಯನ್ನು ನೋಡುವಾಗ ಕೆನ್ನೆ ಹಿಡಿಯ ಮರದಿಂದ ಮೇಲೆದ್ದರೆ ಏಟು ಮೇಲಕ್ಕೆ ಹೋಗುತ್ತದೆ. ಗುರಿ ತಪ್ಪುವುದಕ್ಕೆ ಇದು ಮುಖ್ಯ ಕಾರಣ. ಆಮೇಲೆ ೪೦ ಗಜದಲ್ಲಿ ದೊಡ್ಡ ಕಾಗದವನ್ನು ಕಟ್ಟಿ, ಬೇಟೆಯಲ್ಲಿ ಕೂರುವಂತೆಯೇ ನೆಲದ ಮೇಲೆ ಕುಳಿತು, ಬೇಟೆಯ ತೋಟೆಯನ್ನೇ ಹಾರಿಸಿ, ೧೦ ಅಂಗುಲದ ವೃತ್ತದೊಳಗಿನ ತೂತುಗಳನ್ನು ಎಣಿಸತಕ್ಕದ್ದು. ನೂರಕ್ಕೆ ಕಡಿಮೆಯಿರಬಾರದೆಂದು ಅಲ್ಲಿನವರ ವಾಡಿಕೆ. ನನ್ನ ಶಿಷ್ಯನಿಗೆ ಮೊದಲ ಬಗೆಯ ತೋಟೆಯಲ್ಲಿ ೬೧ ಬಂದವು. ಚೋಕು ಅದೇ, ಕೋವಿ ಅದೇ. ಬೇರೊಂದು ತಯಾರಿಕೆಯ ೫ನೆಯ ನಂಬರಿನ ಸೀಸದ ತೋಟೆಯಲ್ಲಿ ೧೦೮ ಬಂದವು. ಹಾಗೆ ಬಾರದಿದ್ದರೆ ೩೫ಕ್ಕೆ, ೩೦ಕ್ಕೆ ಇಳಿದು, ಎಲ್ಲಿ ನೂರು ಬರುವುದೋ ಅದೇ ತನ್ನ ಎಲ್ಲೆಯೆಂದು ಕಟ್ಟುಮಾಡಿಕೊಳ್ಳಬೇಕು. ಅತಿಯಾಗಿ ಕಿರಿದಾದ ಚೋಕಿನ ಏಟು ೧೫ ಗಜದಲ್ಲಿ ಒಂದು ಮುಷ್ಟಿಯಷ್ಟೇ ಅಗಲವಿದ್ದು, ಹತ್ತಿರದ ಪಕ್ಷಿಯೇ ತಪ್ಪಿಹೋಗುವುದೂ ಉಂಟು. ಟಂಗ್‌ಸ್ಟನ್ ಚರೆಗಳು ಸೀಸಕ್ಕಿಂತ ಬಹಳ ಭಾರವಾಗಿ ದೂರಕ್ಕೂ ಬಲವುಳ್ಳವು. ಆದರೆ ಅವುಗಳ ಬೆಲೆ ಕಣ್ಣು ಕುಕ್ಕುವಂತಹದು; ಹತ್ತಿರಕ್ಕೆ ಕರೆಯುವುದನ್ನು ಕಲಿತವನಿಗೆ ಸೀಸವೇ ಸಾಕು. ಯಾವ ಅಳತೆಯ ಚರೆಗೆ ಅನುಮತಿಯಿದೆಯೆಂಬುದು ಮಾತ್ರ ಸಂಸ್ಥಾನದಿಂದ ಸಂಸ್ಥಾನಕ್ಕೆ ಬೇರೆ.

ದಶರಥನು ಶಬ್ದವನ್ನನುಸರಿಸಿ ಬಾಣ ಬಿಟ್ಟು ಮುನಿಕುಮಾರನನ್ನು ಕೊಂದ ಕಥೆ ನಮ್ಮ ಮನೆಮನೆಗೂ ಗೊತ್ತು. ಈ ಬೇಟೆಯಲ್ಲಿ ಆ ಅಪಾಯ ನಿಜವಾಗಿಯೂ ಇದೆ. ಪೊದೆಯ ಹಿಂದೆ ಹೇಂಟೆಯಂತೆ ಕೂಗುತ್ತಿರುವವನು ಮತ್ತೊಬ್ಬ ಬೇಟೆಗಾರನಾಗಿರಬಹುದು. ಕೆಂಪು, ಬಿಳುಪು, ನೀಲಿ ಇವು ಹುಂಜದ ತಲೆಯ ಬಣ್ಣಗಳಾದುದರಿಂದ ಕರವಸ್ತ್ರದಲ್ಲಿಯೂ ಅವು ಇರಬಾರದು. ಪಕ್ಷಿಯನ್ನು ತಲೆಯಿಂದ ಎದೆಯವರೆಗೂ ಸ್ಪಷ್ಟವಾಗಿ ಕಾಣುವ ತನಕ ಬೆರಳು ಕುದುರೆಯ ಮೇಲೆ ಹೋಗಕೂಡದು.

ಕೆಲಸದ ವೀಸಾದ ಮೇಲೆ ಅಲ್ಲಿರುವ ನಮ್ಮವರು ಒಂದು ಸಂಗತಿಯನ್ನು ತಿಳಿದಿರಬೇಕು. ಅಂತಹವರು ಬಂದೂಕು ಹೊಂದುವುದನ್ನು ಆ ದೇಶದ ಶಾಸನವು ಸಾಮಾನ್ಯವಾಗಿ ನಿಷೇಧಿಸುತ್ತದೆ; ಅಲ್ಲಿನ ಸಂಸ್ಥಾನವೊಂದು ಕೊಟ್ಟ ಬೇಟೆಯ ಲೈಸೆನ್ಸು ಚಾಲ್ತಿಯಲ್ಲಿದ್ದವರಿಗೆ ವಿನಾಯಿತಿಯುಂಟು. ಖಾಯಂ ನಿವಾಸಿಗಳಿಗೆ ಈ ತೊಡಕಿಲ್ಲ. ಬೇಟೆಯ ಸುರಕ್ಷತೆಯ ತರಗತಿಯಲ್ಲಿ ಮೊದಲು ಉತ್ತೀರ್ಣನಾಗಿ, ಲೈಸೆನ್ಸು ಪಡೆದು, ಆಮೇಲೆ ಅಂಗಡಿಗೆ ಹೋಗುವುದೇ ಸರಿಯಾದ ಕ್ರಮ. ಕೋವಿಯ ಜೊತೆಗೇ ಬೀಗವೊಂದನ್ನು ಕೊಂಡು, ತೋಟೆಗಳನ್ನು ಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು, ಎರಡು ಬೀಗದ ಕೈಗಳನ್ನೂ ಮಕ್ಕಳ ಕಣ್ಣಿಗೆ ಬೀಳದ ಕಡೆ ಇಡತಕ್ಕದ್ದು. ಶಿಷ್ಯನ ಒಟ್ಟು ಖರ್ಚು, ಬೀಗ ಮತ್ತು ಪರೀಕ್ಷೆಯ ತೋಟೆಗಳೂ ಸೇರಿ, ೪೦೦ ಡಾಲರನ್ನು ಮೀರಲಿಲ್ಲ.