ಮರೆವಿನ ನದಿಯ ಪಕ್ಕ ಸುಲಭದ ದಾರಿ

ಟ್ರೆಕ್ಕಿಂಗ್ ಅಂದ ಕೂಡಲೇ ನಮ್ಮ ಹಾಸ್ಟೆಲ್‌ನಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಎಷ್ಟು ಕಷ್ಟ?’ ಕಷ್ಟ ಜಾಸ್ತಿ ಇದ್ದಷ್ಟೂ ಸ್ಟೇಟಸ್‌ಗೆ ತೂಕ ಜಾಸ್ತಿ. ಸುಲಭದ ದಾರಿಯಲ್ಲಿ ನಡೆದು ಬಂದೆ ಅಂದರೆ ‘ಅದು ವಾಕಿಂಗ್ ಕಣೋ, ಅಂಕಲ್‌ಗಳು ಮಾಡೋದು’ ಎಂದು ನಗುತ್ತಾರೆ. ಓದು, ಇಂಟರ್ನ್‌ಶಿಪ್, ಕೆಲಸ ಎಲ್ಲದರಲ್ಲೂ ನಮಗೆ ಇದೇ ಅಳತೆಗೋಲು. ಆದರೆ ಒಂದು ದಾರಿಯನ್ನು ಎಲ್ಲರಿಗೂ ಸುಲಭವಾಗುವಂತೆ ಮಾಡಿಡುವುದು ಎಷ್ಟು ಕಷ್ಟದ ಕೆಲಸ ಅನ್ನುವುದು ನನಗೆ ಗೊತ್ತಾಗಿದ್ದು ಪೊಂಟೆ ಡಿ ಲಿಮಾ ಎಂಬ ಪುಟ್ಟ ಊರಿನಲ್ಲಿ.

ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಎಕ್ಸ್‌ಚೇಂಜ್ ಸೆಮಿಸ್ಟರ್‌ಗೆಂದು ಉತ್ತರ ಪೋರ್ಚುಗಲ್‌ನಲ್ಲಿದ್ದಾಗ ವಾರಾಂತ್ಯಗಳಲ್ಲಿ ನನಗೆ ಕೈಗೆಟಕಿದ ಏಕೈಕ ಮನರಂಜನೆ ನಡಿಗೆ. ಅದಕ್ಕೆ ಟಿಕೆಟ್ ಇಲ್ಲ ನೋಡಿ! ಲಿಮಾ ನದಿಯ ದಡದಲ್ಲಿರುವ ಈ ಊರಿಗೆ ರೈಲಿಲ್ಲ. ಪೋರ್ಟೊ, ಬ್ರಾಗಾ ಅಥವಾ ವಿಯಾನಾ ಡೊ ಕಾಸ್ಟೆಲೊದಿಂದ ಬಸ್ ಹಿಡಿಯಬೇಕು. 1125ರಲ್ಲಿ ರಾಣಿ ತೆರೇಸಾ ಈ ಊರಿಗೆ ಸನ್ನದು ಕೊಟ್ಟಳು. ಪೋರ್ಚುಗಲ್ ಸ್ವತಂತ್ರ ರಾಜ್ಯವೆಂದು ನೆರೆಯ ದೊರೆ ಒಪ್ಪಿಕೊಂಡಿದ್ದು 1143ರಲ್ಲಿ. ಅಂದರೆ ಊರಿಗೆ ದೇಶಕ್ಕಿಂತ ವಯಸ್ಸು ಹೆಚ್ಚು! ಆ ಸನ್ನದಿನಲ್ಲಿ ಹೆಸರಿಸಿದ ಸಂತೆ ಇವತ್ತಿಗೂ ಎರಡು ವಾರಕ್ಕೊಮ್ಮೆ ಸೋಮವಾರ ನದಿಯ ಮರಳದಂಡೆಯ ಮೇಲೆ ನಡೆಯುತ್ತದೆ.

ಊರಿನ ಹೆಸರಿನ ಅರ್ಥವೇ ‘ಲಿಮಾದ ಸೇತುವೆ’. ಹಾಗಾಗಿ ಮೊದಲ ನಡಿಗೆ ಸೇತುವೆಯ ಮೇಲೆಯೇ. ಬಲದಂಡೆಯ ಕಡೆಯ ಕೆಲವು ಕಮಾನುಗಳು ರೋಮನ್ನರ ಕಾಲದವು. ಉಳಿದ ಉದ್ದನೆಯ ಭಾಗ 14ನೇ ಶತಮಾನದ್ದು. ಒಂದೇ ಸೇತುವೆಯಲ್ಲಿ ಎರಡು ಯುಗದ ಎಂಜಿನಿಯರ್‌ಗಳು ಕೈ ಕುಲುಕಿದ ಹಾಗಿದೆ. ಈಗ ಇಲ್ಲಿ ವಾಹನಗಳಿಲ್ಲ, ಕಾಲ್ನಡಿಗೆಯವರದ್ದೇ ರಾಜ್ಯ. ದಾಟಿ, ತಿರುಗಿ ಬಂದು, ದಡದುದ್ದಕ್ಕೂ ಸಾಲಾಗಿ ನಿಂತ ದೊಡ್ಡ ಪ್ಲೇನ್ ಮರಗಳ ನೆರಳಲ್ಲಿ ಒಂದು ಸುತ್ತು ಹಾಕಿದರೆ ಒಂದು ಗಂಟೆ ಸಾಕು.

ಸೇತುವೆಯ ಬಳಿ ಒಂದು ತಮಾಷೆಯ ದೃಶ್ಯವಿದೆ. ಊರಿನ ದಡದಲ್ಲಿ ರೋಮನ್ ಸೈನಿಕರ ಪ್ರತಿಮೆಗಳು ಸಾಲಾಗಿ ನಿಂತಿವೆ. ಎದುರು ದಡದಲ್ಲಿ ಕುದುರೆಯೇರಿದ ಸೇನಾಪತಿ ಒಬ್ಬನೇ! ಕ್ರಿ.ಪೂ. 2ನೇ ಶತಮಾನದಲ್ಲಿ ದೆಸಿಮಸ್ ಜೂನಿಯಸ್ ಬ್ರೂಟಸ್ ಎಂಬ ಸೇನಾಪತಿ ದಂಡಯಾತ್ರೆಗೆಂದು ಇಲ್ಲಿಗೆ ಬಂದ. ಸೈನಿಕರಿಗೆ ಇದು ಪುರಾಣದ ‘ಲೀಥಿ’, ಅಂದರೆ ಮರೆವಿನ ನದಿ ಎಂಬ ಭಯ. ದಾಟಿದರೆ ಮನೆ, ಊರು, ಹೆಸರು ಎಲ್ಲ ಮರೆತುಹೋಗುತ್ತದೆ ಎಂದು ನಿಂತುಬಿಟ್ಟರು. ಆಗ ಸೇನಾಪತಿ ತಾನೇ ಬಾವುಟ ಹಿಡಿದು ನದಿ ದಾಟಿ, ಆಚೆ ದಡದಿಂದ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದನಂತೆ. ‘ನಾನು ಮರೆತಿಲ್ಲ, ನೀವೂ ಬನ್ನಿ’ ಅನ್ನುವ ಹಾಗೆ. ಆಮೇಲೆ ಎಲ್ಲರೂ ದಾಟಿದರು.

ಎರಡನೆಯ ನಡಿಗೆ ನದಿಯ ಜೊತೆ ಸಾಗುವ ‘ಇಕೋವಿಯಾ’. ಹೆಚ್ಚುಕಡಿಮೆ ಸಮತಟ್ಟಾದ ದಾರಿ, ಸೈಕಲ್‌ನವರೂ ಬರುತ್ತಾರೆ. ನದಿಯ ಮೇಲ್ಭಾಗದ ಕಡೆಗೆ ಹೊರಟರೆ ಕಲ್ಲಿನ ಹಳೆಯ ಒಡ್ಡುಗಳು, ತೋಟಗಳು, ಗ್ರಾನೈಟ್ ಮನೆಗಳು ಸಿಗುತ್ತವೆ. ಈ ಸೀಮೆಯ ಹಳ್ಳಿಗಳಲ್ಲಿ ಜೋಳದ ತೆನೆ ಒಣಗಿಸುವ ಕಣಜಗಳನ್ನು ಕಂಬಗಳ ಮೇಲೆ ಎತ್ತಿ ಕಟ್ಟುತ್ತಾರೆ. ಕಂಬದ ತುದಿಗೆ ಅಗಲದ ಚಪ್ಪಟೆ ಕಲ್ಲು. ಇಲಿ ಹತ್ತಿ ಬಂದರೂ ಆ ಕಲ್ಲು ದಾಟಲಾರದು. ನೋಡಿ, ಎಷ್ಟು ಸರಳ ಡಿಸೈನ್! ಇಲ್ಲಿನ ಹಳೆಯ ಪದ್ಧತಿಯಲ್ಲಿ ದ್ರಾಕ್ಷಿ ಬಳ್ಳಿಯನ್ನು ಮರಕ್ಕೆ ಹಬ್ಬಿಸುತ್ತಾರೆ. ನಮ್ಮ ಮೆಣಸಿನ ಆಸೆಗೆ ಹಡಗು ಹತ್ತಿ ಬಂದವರ ನಾಡಿನಲ್ಲಿ ದ್ರಾಕ್ಷಿ ಥೇಟ್ ಮೆಣಸಿನ ಬಳ್ಳಿಯಂತೆ ಮರ ಏರಿರುವುದನ್ನು ಕಂಡು ನಗು ಬಂತು. ಭಾಷೆಯೂ ಅಷ್ಟು ದೂರದ್ದಲ್ಲ. ನಮ್ಮ ಚಾವಿ, ಮೇಜು, ಬಟಾಟೆ, ಪಾದ್ರಿ ಎಲ್ಲ ಪೋರ್ಚುಗೀಸರಿಂದ ಬಂದ ಪದಗಳೇ. ಅಂಗಡಿಯಲ್ಲಿ ‘ಬಟಾಟ’ ಅಂದೆ, ಆಲೂಗಡ್ಡೆ ಕೈಗೆ ಬಂತು!

ಮೂರನೆಯದು ಊರಿನಿಂದ ಕೆಲವೇ ಕಿಲೋಮೀಟರ್ ದೂರದ ಬೆರ್ತಿಯಾಂದೊಸ್ ಮತ್ತು ಸಾವೊ ಪೆದ್ರೊ ದಾರ್ಕೊಸ್ ಕೊಳಗಳ ಸಂರಕ್ಷಿತ ಪ್ರದೇಶ. ಸುಮಾರು 350 ಹೆಕ್ಟೇರ್‌ನ ಈ ಜೌಗು ಭೂಮಿ ರಾಮ್ಸಾರ್ ಪಟ್ಟಿಯಲ್ಲಿದೆ. ಒದ್ದೆ ನೆಲದ ಮೇಲೆ ಮರದ ಹಲಗೆಯ ಕಾಲುದಾರಿ ಕಟ್ಟಿದ್ದಾರೆ. ಅದರಿಂದ ನಮ್ಮ ಶೂ ಕೆಸರಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಮ್ಮ ಶೂ ಜೌಗನ್ನು ತುಳಿಯುವುದಿಲ್ಲ. ಒಂದೇ ಹಲಗೆ ಇಬ್ಬರನ್ನೂ ಕಾಪಾಡುತ್ತದೆ. ಪಕ್ಕದಲ್ಲೇ ಎಸ್ಟೊರಾವೊಸ್ ಎಂಬ ಪುಟ್ಟ ಹೊಳೆ, ಅದಕ್ಕೊಂದು ಹಳೆಯ ಕಲ್ಲಿನ ಸೇತುವೆ, ನೀರಿನಿಂದ ತಿರುಗುತ್ತಿದ್ದ ಗಿರಣಿ.

ನಾಲ್ಕನೆಯದು ಕಾಮಿನೊ. ಸ್ಪೇನಿನ ಸಾಂತಿಯಾಗೊಗೆ ಹೋಗುವ ಯಾತ್ರಿಕರ ಪೋರ್ಚುಗೀಸ್ ದಾರಿ ಇದೇ ಸೇತುವೆಯ ಮೇಲೆ ಹಾದುಹೋಗುತ್ತದೆ. ಇಲ್ಲಿಂದ ಸಾಂತಿಯಾಗೊಗೆ ಸುಮಾರು 150 ಕಿಲೋಮೀಟರ್. ನೀವು ಅಷ್ಟು ದೂರ ಹೋಗಬೇಕಿಲ್ಲ. ಹಳದಿ ಬಾಣದ ಗುರುತು ಹಿಡಿದು ಹೊಲಗದ್ದೆಗಳ ನಡುವೆ ಒಂದೆರಡು ಗಂಟೆ ನಡೆದು ವಾಪಸಾಗಬಹುದು. ಲಬ್ರೂಜಾ ಬೆಟ್ಟದ ಏರು ಶುರುವಾದರೆ ‘ಸುಲಭ’ ಎಂಬ ಪದ ಅಲ್ಲಿಗೆ ಮುಗಿಯಿತು. ಎದುರಾದವರೆಲ್ಲ ‘ಬೊಂ ಕಾಮಿನ್ಯೊ’ ಎನ್ನುತ್ತಾರೆ. ‘ಒಳ್ಳೆಯ ದಾರಿ ಸಿಗಲಿ’ ಎಂದು. ಯಾವ ಕಾಲೇಜು, ಎಷ್ಟು ಸಿಜಿಪಿಎ, ಪ್ಯಾಕೇಜ್ ಎಷ್ಟು ಎಂದು ಯಾರೂ ಕೇಳುವುದಿಲ್ಲ!

ಇಷ್ಟೆಲ್ಲ ದಾರಿಗಳಲ್ಲಿ ನನಗೆ ಅತಿ ಹೆಚ್ಚು ಇಷ್ಟವಾಗಿದ್ದು ಒಂದು ಬಣ್ಣದ ಗುರುತು. ಪೋರ್ಚುಗಲ್‌ನ ಕಿರುದಾರಿಗಳಿಗೆ ಹಳದಿ ಮತ್ತು ಕೆಂಪು ಪಟ್ಟಿ ಬಳಿದಿರುತ್ತಾರೆ. ಎರಡು ಅಡ್ಡಗೆರೆ ಇದ್ದರೆ ದಾರಿ ಸರಿ. ಪಟ್ಟಿ ಬಾಗಿದ್ದರೆ ತಿರುವು. ಕತ್ತರಿಯಂತೆ ಒಂದರ ಮೇಲೊಂದು ಹಾದಿದ್ದರೆ ‘ಇದು ದಾರಿಯಲ್ಲ’ ಎಂದರ್ಥ. ಕವಲಿನಲ್ಲಿ ಬೇರೆ ಕಡೆ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಆ ಗುರುತು ಕಣ್ಣಿಗೆ ಬೀಳುತ್ತದೆ.

ಕೆಲಸಕ್ಕೆ ಅರ್ಜಿ ಹಾಕುತ್ತಿರುವ ನಮಗೆ ಇದರ ಬೆಲೆ ಗೊತ್ತು. ನನ್ನ ಸೀನಿಯರ್‌ಗಳಲ್ಲಿ ಹಲವರು ಇಂಟರ್‌ವ್ಯೂ ಮುಗಿಸಿ ತಿಂಗಳುಗಟ್ಟಲೆ ಮೇಲ್ ನೋಡುತ್ತಾ ಕೂತಿದ್ದಾರೆ. ‘ಆಯ್ಕೆಯಾಗಿಲ್ಲ’ ಎಂಬ ಒಂದು ಸಾಲೂ ಬಂದಿಲ್ಲ. ಬೇಸರವಾಗುವುದು ‘ಇಲ್ಲ’ ಎನ್ನುವುದಕ್ಕಲ್ಲ, ಏನೂ ಹೇಳದೇ ಇರುವುದಕ್ಕೆ. ಕತ್ತರಿ ಗುರುತು ಬಳಿಯುವವನು ಅಪರಿಚಿತನ ನಾಲ್ಕು ಹೆಜ್ಜೆಗೂ ಬೆಲೆ ಕೊಡುತ್ತಾನೆ. ತಪ್ಪು ದಾರಿಯಲ್ಲಿ ಒಬ್ಬರ ಸಮಯ ಹಾಳಾಗಬಾರದು ಎಂಬ ಕಾಳಜಿಗೆ ಒಂದು ಡಬ್ಬಿ ಬಣ್ಣ ಸಾಕು.

ಅದಕ್ಕೇ ಆ ಸೇನಾಪತಿಯ ಕಥೆ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ನಾವೆಲ್ಲ ಈಗ ಯುಎಸ್‌ಎನ್, ರೋಲ್ ನಂಬರ್, ಅರ್ಜಿ ಸಂಖ್ಯೆಗಳು. ಒಂದು ವರ್ಷ ಕೆಲಸವಿಲ್ಲದೆ ಮನೆಯಲ್ಲಿ ಕೂತರೆ ನಮ್ಮ ಹೆಸರು ನಮಗೇ ಮರೆತ ಹಾಗೆ. ಕ್ಲಾಸ್‌ನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಆಫರ್ ಲೆಟರ್‌ಗಳಿಗೆ ಚಪ್ಪಾಳೆಗಳು ಬೀಳುತ್ತಿದ್ದಾಗ ಮೌನವಾದ ಗೆಳೆಯರನ್ನು ನೀವೂ ನೋಡಿರುತ್ತೀರಿ. ಮೊದಲು ದಡ ಸೇರಿದವರಿಗೆ ಒಂದು ಕೆಲಸ ಬಾಕಿ ಇರುತ್ತದೆ. ತಿರುಗಿ ನಿಂತು ಹೆಸರು ಹಿಡಿದು ಕರೆಯುವುದು.

ಪೊಂಟೆ ಡಿ ಲಿಮಾಗೆ ಹೋಗುವ ಅವಕಾಶ ಸಿಕ್ಕರೆ ಚಳಿಗಾಲ ಬಿಟ್ಟು ಹೋಗಿ. ಆಗ ಮಳೆ ಜೋರು, ನದಿ ಉಕ್ಕಿ ಮರಳದಂಡೆ ಮುಳುಗುವುದುಂಟು. ಹಿಡಿತ ಇರುವ ಶೂ, ನೀರಿನ ಬಾಟಲಿ, ಒಂದು ರೇನ್‌ಕೋಟ್ ಸಾಕು. ಭಾನುವಾರದ ಬಸ್ ವೇಳೆಯನ್ನು ಮೊದಲೇ ನೋಡಿಕೊಳ್ಳಿ. ಹೋಗಲಾಗದಿದ್ದರೆ ಚಿಂತೆಯಿಲ್ಲ. ಈ ಭಾನುವಾರ ನಿಮ್ಮೂರಿನ ಕೆರೆ ಏರಿಯ ಮೇಲೆ, ಹೊಳೆಯ ದಂಡೆಯ ಮೇಲೆ ನಡೆಯಿರಿ. ಒಬ್ಬರೇ ಹೋಗಬೇಡಿ. ಗ್ರೂಪಿನಲ್ಲಿ ಬಹಳ ದಿನದಿಂದ ಮಾತಾಡದ ಆ ಗೆಳೆಯನಿಗೋ ಗೆಳತಿಗೋ ಫೋನ್ ಮಾಡಿ. ‘ಹಾಯ್ ಆಲ್’ ಎನ್ನಬೇಡಿ, ಹೆಸರು ಹಿಡಿದೇ ಕರೆಯಿರಿ.