ಜೀವಾಕ್ಷರಗಳನ್ನು ಓದುವ ವಿದ್ಯೆ

ಈ ಶಾಲೆಯಿಂದ ಹೊರಟ ಹುಡುಗಿಯರ ಹೆತ್ತವರು ನಮ್ಮನ್ನು ಕೇಳುವದುಂಟು: “ಮಗಳು ಬಯೋಇನ್‌ಫರ್ಮ್ಯಾಟಿಕ್ಸ್ ಕಲಿಯುವೆನೆನ್ನುತ್ತಾಳೆ. ಅದು ಜೀವಶಾಸ್ತ್ರವೋ, ಗಣಕಯಂತ್ರದ ಕೆಲಸವೋ?” ಎರಡೂ ಹೌದೆಂದರೆ ಅವರಿಗೆ ಸಮಾಧಾನವಾಗದು. ಆದಕಾರಣ ಈ ವಿದ್ಯೆಗೆ ಹೆಸರಾದ ಒಂದು ಸರಕಾರೀ ವಿಶ್ವವಿದ್ಯಾಲಯದ ಸಂಗತಿಯನ್ನೇ ಇಲ್ಲಿ ಅರಿಕೆಮಾಡುವೆವು.

ಅಮೇರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 1868ರಲ್ಲಿ ಸ್ಥಾಪಿತವಾದದ್ದು. ಅದಕ್ಕೆ 10 ವಿದ್ಯಾಕೇಂದ್ರಗಳಿವೆ. ಅವುಗಳಲ್ಲೊಂದಾದ ಸಾಂಟಾ ಕ್ರೂಜ್ ಕೇಂದ್ರವು 1965ರಲ್ಲಿ ತೆರೆಯಿತು.

ನಮ್ಮ ಜೀವಕೋಶಗಳೊಳಗೆ ಡಿ.ಎನ್.ಎ. ಎಂಬ ಅತಿಸೂಕ್ಷ್ಮವಾದ ನೂಲಿರುವದು. ಅದರಲ್ಲಿ ನಾಲ್ಕೇ ಅಕ್ಷರಗಳು, ಎ, ಸಿ, ಜಿ, ಟಿ ಎಂದು. ಆದರೆ ಇವು ಸುಮಾರು 300 ಕೋಟಿ ಸ್ಥಾನಗಳಲ್ಲಿ ಸಾಲಾಗಿ ನಿಂತಿವೆ. ಅಂದಿನ ಯಂತ್ರಗಳು ಒಂದು ಸಾರಿಗೆ ಕೆಲವು ನೂರು ಅಕ್ಷರಗಳನ್ನು ಮಾತ್ರ ಓದಬಲ್ಲವಾಗಿದ್ದವು. ಒಂದೇ ಗ್ರಂಥದ ಹಲವು ತಾಳೆಗರಿ ಪ್ರತಿಗಳು ಗೆದ್ದಲು ತಿಂದು ಚೂರುಚೂರಾಗಿ ಬಿದ್ದಿವೆಯೆಂದು ಭಾವಿಸಿರಿ. ಒಂದು ಚೂರಿನ ಕೊನೆಯ ಪದಗಳೇ ಇನ್ನೊಂದರ ಆರಂಭದಲ್ಲಿ ಕಂಡರೆ ಅವೆರಡನ್ನು ಜೋಡಿಸಬಹುದು. ಆದರೆ ಒಂದೇ ಪಲ್ಲವಿ ನೂರು ಕಡೆ ಬಂದಿದ್ದರೆ? ಜೋಡಿಸುವವನು ಅಲ್ಲಿಯೇ ಮೋಸಹೋಗುವನು. ಡಿ.ಎನ್.ಎ.ಯಲ್ಲಿ ಅಂಥ ಪಲ್ಲವಿಗಳು ವಿಪುಲವಾಗಿವೆ.

2000ನೆಯ ಇಸವಿಯಲ್ಲಿ ಹಲವು ದೇಶಗಳು ಸಾರ್ವಜನಿಕ ಹಣದಿಂದ ಈ ಚೂರುಗಳನ್ನು ಕೂಡಿಹಾಕಿದ್ದವು. ಒಂದು ಖಾಸಗಿ ಕಂಪೆನಿಯೂ ಅದೇ ಕಾರ್ಯದಲ್ಲಿ ತೊಡಗಿತ್ತು. ಅದು ಮೊದಲು ಮುಗಿಸಿದರೆ ಮನುಷ್ಯನ ಜೀವಾಕ್ಷರಗಳ ಮೇಲೆ ಪೇಟೆಂಟಿನ ಬೀಗ ಬೀಳಬಹುದೆಂಬ ಭಯವಿತ್ತು. ಸಾಂಟಾ ಕ್ರೂಜಿನ ಅಧ್ಯಾಪಕರಾದ ಡೇವಿಡ್ ಹಾಸ್ಲರರ ಸಂಗಡ ಜೇಮ್ಸ್ ಕೆಂಟ್ ಎಂಬ ವಿದ್ಯಾರ್ಥಿ ಇದ್ದರು. ಮೊದಲು ಗಣಕಯಂತ್ರದ ವೃತ್ತಿಯಲ್ಲಿದ್ದು ತರುವಾಯ ಜೀವಶಾಸ್ತ್ರ ಕಲಿಯಲು ಬಂದವರು. ಅವರು ಸುಮಾರು ನಾಲ್ಕು ವಾರಗಳಲ್ಲಿ ಜೋಡಣೆಯ ಕ್ರಮವಿಧಿಯನ್ನು ಬರೆದರು. ಬರೆದು ಬರೆದು ನೊಂದ ಮಣಿಕಟ್ಟುಗಳಿಗೆ ರಾತ್ರಿ ಮಂಜುಗಡ್ಡೆ ಇಟ್ಟುಕೊಳ್ಳುತ್ತಿದ್ದರಂತೆ. ಸುಮಾರು 100 ಸಾಧಾರಣ ಗಣಕಯಂತ್ರಗಳನ್ನು ಕೂಡಿಸಿ ಜೂನ್ 22ರಂದು ಕಾರ್ಯವು ಮುಗಿಯಿತು. ಜುಲೈ 7ರಂದು ಆ ಅಕ್ಷರಮಾಲೆಯನ್ನು ಸರ್ವರಿಗೂ ಉಚಿತವಾಗಿ ತೆರೆದಿಟ್ಟರು. ಈಗಲೂ ತೆರೆದೇ ಇದೆ. ನಮ್ಮೂರಿನ ಹುಡುಗಿಯೂ ಕಾಸು ಕೊಡದೆ ನೋಡಬಹುದು.

ಆ ಗ್ರಂಥದಲ್ಲಿ ಸುಮಾರು ನೂರಕ್ಕೆ 8 ಪಾಲು ಬಹುಕಾಲ ಜೋಡಣೆಯಾಗದೆ ಉಳಿದಿತ್ತು, ಬಹುಮಟ್ಟಿಗೆ ಆ ಪಲ್ಲವಿಗಳ ದೆಸೆಯಿಂದಲೇ. 2022ರಲ್ಲಿ ಅದನ್ನು ತುಂಬಿಸಿ ಪ್ರಕಟಿಸಿದ ಮಂಡಲಿಯ ಮುಂದಾಳುಗಳಲ್ಲೊಬ್ಬರು ಅದೇ ಸಾಂಟಾ ಕ್ರೂಜಿನ ಕ್ಯಾರೆನ್ ಮಿಗಾ ಎಂಬ ಮಹಿಳೆ.

ಅಲ್ಲಿ ಈ ಪದವಿಗೆ ಓದುವವರು ರಸಾಯನಶಾಸ್ತ್ರ, ಅನುವಂಶಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಗಣಕಯಂತ್ರದ ಭಾಷೆ ಇವೆಲ್ಲವನ್ನೂ ಕಲಿಯಬೇಕು. ಪರದೇಶದವರಿಗೆ ಶುಲ್ಕವು ಆ ಸಂಸ್ಥಾನದವರಿಗಿಂತ ಬಹಳ ಹೆಚ್ಚು. ಇದನ್ನು ಹೆತ್ತವರು ಮೊದಲೇ ತಿಳಿದಿರುವದು ಒಳ್ಳೆಯದು. ಆದರೆ ಶುಲ್ಕಕ್ಕಿಂತ ಮುಂಚೆ ಬರುವ ಅಡಚಣೆಯೊಂದು ನಮ್ಮ ಮನೆಗಳಲ್ಲಿಯೇ ಇದೆ. ಹತ್ತನೆಯ ತರಗತಿ ಮುಗಿದೊಡನೆ, “ನಿನಗೆ ಜೀವಶಾಸ್ತ್ರ ಸಾಕು, ಲೆಕ್ಕ ಯಾತಕ್ಕೆ?” ಎಂದು ಹುಡುಗಿಯಿಂದ ಗಣಿತವನ್ನು ಬಿಡಿಸುವರು. ಹಾಗೆ ಬಿಟ್ಟವಳೊಬ್ಬಳು ಪದವಿಯ ಬಳಿಕ ನಮ್ಮ ಬಳಿಗೆ ಬಂದು, ಈ ವಿದ್ಯೆ ಕಲಿಯಬೇಕೆಂದು ಸಂಖ್ಯಾಶಾಸ್ತ್ರದ ಪುಸ್ತಕವನ್ನು ಕೇಳಿದಳು. ಈಗ ಶನಿವಾರಗಳಲ್ಲಿ ಮೊದಲಿನ ಪಾಠದಿಂದ ಹೇಳಿಕೊಡುತ್ತಿದ್ದೇವೆ.