ತಳೇಗಾಂವದಿಂದ ಹಿಂದಿರುಗಿದ ಬಂದೂಕು

ಹದಿನೆಂಟನೆಯ ಶತಮಾನದ ಯುದ್ಧಗಳನ್ನು ಕಂಪ್ಯೂಟರಿನ ಪರದೆಗೆ ತಂದ ‘ಎಂಪೈರ್: ಟೋಟಲ್ ವಾರ್’ ಎಂಬ ವಿಡಿಯೊ ಗೇಮ್ 2009ರಲ್ಲಿ ಬಿಡುಗಡೆಯಾಯಿತು. ಬ್ರಿಟನ್ನಿನ ಕ್ರಿಯೇಟಿವ್ ಅಸೆಂಬ್ಲಿ ರೂಪಿಸಿದ ಈ ಆಟದಲ್ಲಿ ಮರಾಠಾ ಒಕ್ಕೂಟದ ಪಕ್ಷವನ್ನು ವಹಿಸಿಕೊಂಡು ಆಡುವ ಅವಕಾಶವೂ ಇದೆ. ಅದರಲ್ಲಿ ಬ್ರಿಟಿಷ್ ಕಾಲಾಳುಗಳು ಸಾಲುಗಟ್ಟಿ ನಿಂತು ಹಾರಿಸುವ ಉದ್ದ ನಳಿಗೆಯ ಬಂದೂಕು, ಸೈನ್ಯದ ಇತಿಹಾಸದಲ್ಲಿ ‘ಬ್ರೌನ್ ಬೆಸ್’ ಎಂದು ಹೆಸರಾದ ಮಾದರಿಯದು. ಅದೇ ಬಂದೂಕನ್ನು ಹೊತ್ತ ಈಸ್ಟ್ ಇಂಡಿಯಾ ಕಂಪನಿಯ ದಂಡು ಮರಾಠರ ರಾಜಧಾನಿಯನ್ನು ಹಿಡಿಯಲು ಹೊರಟು, ಇನ್ನು ಮುಂದೆ ಹೋಗಲಾರೆನೆಂದು ನಿಂತ ಸ್ಥಳ ಪುಣೆಯಿಂದ ಸುಮಾರು 35 ಕಿ.ಮೀ. ದೂರದಲ್ಲಿರುವ ತಳೇಗಾಂವ ದಾಭಾಡೆ. ಶಾಹು ಮಹಾರಾಜರ ಸೇನಾಪತಿ ಖಂಡೇರಾವ್ ದಾಭಾಡೆಯವರ ಮನೆತನದಿಂದ ಹೆಸರು ಪಡೆದ ಈ ಊರಿನಲ್ಲಿ 1779ರ ಜನವರಿಯಲ್ಲಿ ನಡೆದುದನ್ನು ಬಿಟ್ಟು ಆ ಬಂದೂಕಿನ ಚರಿತ್ರೆಯನ್ನು ಹೇಳಿದರೆ ಅದರ ಅರ್ಧ ಭಾಗ ಕೈತಪ್ಪುತ್ತದೆ.

ಬ್ರೌನ್ ಬೆಸ್ ಒಂದೇ ಅಚ್ಚಿನ ಆಯುಧವಲ್ಲ. ರೆಜಿಮೆಂಟಿಗೊಂದು ಬಗೆಯ ಬಂದೂಕಿದ್ದ ಗೊಂದಲವನ್ನು ನಿವಾರಿಸಲು ಬ್ರಿಟಿಷ್ ಸೇನೆ 1722ರಲ್ಲಿ ಏಕರೂಪದ ಮಾದರಿಯೊಂದನ್ನು ಗೊತ್ತುಪಡಿಸಿತು. 46 ಅಂಗುಲವಿದ್ದ ಅದರ ನಳಿಗೆ ಮುಂದೆ 42 ಅಂಗುಲಕ್ಕೆ ಇಳಿಯಿತು. ಕಂಪನಿಯು ತನ್ನ ಸಿಪಾಯಿಗಳಿಗಾಗಿ 39 ಅಂಗುಲದ ನಳಿಗೆಯುಳ್ಳ, ಇನ್ನೂ ಹಗುರವಾದ ಬಂದೂಕನ್ನು ಮಾಡಿಸಿಕೊಂಡಿತು. ಫ್ರಾನ್ಸಿನೊಡನೆ ಯುದ್ಧ ತೊಡಗಿ ಬಂದೂಕುಗಳ ಅಭಾವ ಉಂಟಾದಾಗ 1790ರ ದಶಕದಲ್ಲಿ ಬ್ರಿಟಿಷ್ ಸರ್ಕಾರವೇ ಕಂಪನಿಯ ಈ ಮಾದರಿಯನ್ನು ‘ಇಂಡಿಯಾ ಪ್ಯಾಟರ್ನ್’ ಎಂಬ ಹೆಸರಿನಲ್ಲಿ ಸ್ವೀಕರಿಸಿದ್ದರಿಂದ, ಭಾರತದ ನೆಲಕ್ಕೆಂದು ರೂಪುಗೊಂಡ ಬಂದೂಕು ನೆಪೋಲಿಯನ್ನನ ವಿರುದ್ಧ ಯುರೋಪಿನಲ್ಲಿ ಹೋರಾಡಿತು.

ಇದನ್ನು ರೈಫಲ್ ಎಂದು ಕರೆಯುವುದು ರೂಢಿಯ ಮಾತಷ್ಟೆ. ರೈಫಲ್ಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ಗೀರುಗಳಿದ್ದು, ಅವು ಗುಂಡನ್ನು ತಿರುಗಿಸುತ್ತ ಹೊರಗೆ ಕಳಿಸುವುದರಿಂದ ಅದು ನೇರವಾಗಿ ಸಾಗುತ್ತದೆ. ಬ್ರೌನ್ ಬೆಸ್ ‘ಮಸ್ಕೆಟ್’ ಎಂಬ ಜಾತಿಗೆ ಸೇರಿದ್ದು, ಅದರ ನಳಿಗೆಯ ಒಳಮೈ ನುಣುಪಾಗಿರುತ್ತದೆ. ನಳಿಗೆಯ ರಂಧ್ರ ಸುಮಾರು 19 ಮಿ.ಮೀ. ಅಗಲವಿದ್ದರೆ ಸೀಸದ ಗುಂಡು ಅದಕ್ಕಿಂತ ಒಂದೂವರೆ ಮಿ.ಮೀ.ನಷ್ಟು ಚಿಕ್ಕದು. ಸುಟ್ಟ ಮದ್ದಿನ ಕರಿ ಒಳಗೆ ಕಟ್ಟಿಕೊಂಡಾಗಲೂ ಗುಂಡು ಸಲೀಸಾಗಿ ಇಳಿಯಲೆಂದು ಬಿಟ್ಟ ಈ ಅಂತರವೇ ಗುರಿಯನ್ನು ಕೆಡಿಸುತ್ತಿತ್ತು. ಸಿಪಾಯಿಯು ಕಾಗದದ ತೋಟೆಯನ್ನು ಹಲ್ಲಿನಿಂದ ಹರಿದು, ಚಿಟಿಕೆ ಮದ್ದನ್ನು ಹೊರಗಿನ ಕಿವಿಬಟ್ಟಲಿಗೆ ಹಾಕಿ, ಉಳಿದ ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದ ಇಳಿಬಿಟ್ಟು, ಕಬ್ಬಿಣದ ಸಲಾಕೆಯಿಂದ ಗಿಡಿದು, ಕುದುರೆಯನ್ನು ಎಳೆದಾಗ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತಿತ್ತು. ಪಳಗಿದವನು ನಿಮಿಷಕ್ಕೆ ಮೂರು ಬಾರಿ ಹೀಗೆ ಮಾಡಬಲ್ಲವನಾಗಿದ್ದರೂ ನೂರು ಗಜದಾಚೆ ಒಬ್ಬ ಮನುಷ್ಯನನ್ನು ಗುರಿಯಿಟ್ಟು ಹೊಡೆಯುವ ಭರವಸೆ ಅವನಿಗಿರಲಿಲ್ಲ. ಒಬ್ಬನ ಕೈಯಲ್ಲಿ ಇಷ್ಟು ದುರ್ಬಲವಾದ ಆಯುಧ ಭಯಂಕರವಾಗುತ್ತಿದ್ದುದು ನೂರಾರು ಮಂದಿ ಹೆಗಲಿಗೆ ಹೆಗಲು ಕೊಟ್ಟು ಒಂದೇ ಆಜ್ಞೆಗೆ ಒಮ್ಮೆಗೇ ಹಾರಿಸಿದಾಗ ಮಾತ್ರ. ಸಾಲುಸಾಲಾಗಿ ಸರದಿಯ ಮೇಲೆ ಹಾರಿಸುವ ಕವಾಯತನ್ನು ಆಟಗಾರ ಸಂಶೋಧನೆಯಿಂದ ಗಳಿಸಿಕೊಳ್ಳಬೇಕೆಂದು ವಿಧಿಸಿರುವ ಮಟ್ಟಿಗೆ ಆ ವಿಡಿಯೊ ಗೇಮ್ ಇತಿಹಾಸಕ್ಕೆ ನಿಷ್ಠವಾಗಿದೆ ಎಂದು ಒಪ್ಪಬೇಕು. ಆದರೆ ಆ ಸಾಲಿನ ಹಿಂದೆ ಅಕ್ಕಿಯನ್ನೂ ಮದ್ದನ್ನೂ ಹೊತ್ತು ಬರುವ ಎತ್ತುಗಳ ಚಿಂತೆ ಆಟಗಾರನಿಗಿಲ್ಲ, ತಳೇಗಾಂವದಲ್ಲಿ ನಿರ್ಣಾಯಕವಾದದ್ದು ಅದೇ.

ಪೇಶ್ವೆ ಪದವಿಯನ್ನು ಬಯಸಿದ ರಘುನಾಥರಾವ್‌ನನ್ನು ಪುಣೆಯಲ್ಲಿ ಕೂರಿಸಲು ಮುಂಬಯಿ ಸರ್ಕಾರ 1778ರ ನವೆಂಬರಿನಲ್ಲಿ ಸುಮಾರು 3,900 ಮಂದಿಯ ಸೈನ್ಯವನ್ನು ಕಳಿಸಿತು. ಅದರೊಡನೆ ಹೊರಟ ಎತ್ತುಗಳ ಸಂಖ್ಯೆ 19,000ಕ್ಕೂ ಮಿಗಿಲು. ಭೋರ್ ಘಾಟನ್ನು ಹತ್ತಿದ ಮೇಲೆ ಈ ಮಂದೆಯನ್ನು ಕಾಪಾಡಿಕೊಂಡು ದಂಡು ಬಹು ನಿಧಾನವಾಗಿ ಸರಿಯುತ್ತಿದ್ದಾಗ ಮರಾಠಾ ಕುದುರೆ ಸವಾರರು ಸುತ್ತ ಸುಳಿದಾಡುತ್ತ, ಬಂದೂಕಿನ ಸಾಲಿಗೆ ಎದುರಾಗಿ ನಿಲ್ಲದೆ, ಮೇವನ್ನೂ ದಾರಿಯನ್ನೂ ಕಿತ್ತುಕೊಳ್ಳುತ್ತ ಬಂದರು. ಕಾರ್ಲಾದ ಬಳಿ ಕ್ಯಾಪ್ಟನ್ ಜೇಮ್ಸ್ ಸ್ಟುವರ್ಟ್ ಹತನಾದನು. ಶತ್ರುವಾದರೂ ಅವನ ಕೆಚ್ಚನ್ನು ಮೆಚ್ಚಿದ ಜನ ಅವನನ್ನು ‘ಇಷ್ಟೂರ್ ಫಾಕಡೆ’ ಎಂದು ಕರೆದು ನೆನಪಿನಲ್ಲಿ ಉಳಿಸಿಕೊಂಡಿದ್ದಾರೆ.

ಜನವರಿ 9ರಂದು ಕಂಪನಿಯ ದಂಡು ತಳೇಗಾಂವ ಮುಟ್ಟಿದಾಗ ಮರಾಠರೇ ಊರಿಗೆ ಬೆಂಕಿಯಿಟ್ಟು ತೆರಳಿದ್ದರು. ಅಗತ್ಯ ಬಿದ್ದರೆ ಮುಂದಿನ ಚಿಂಚವಾಡವನ್ನೂ ಪುಣೆಯನ್ನೂ ಸುಡಲು ಪುಣೆಯ ಮಂತ್ರಿ ನಾನಾ ಫಡಣವೀಸ್ ಸಿದ್ಧನಿದ್ದಾನೆಂಬ ಸುದ್ದಿ ಬಂದಿತ್ತು. ಶಿಬಿರದಲ್ಲಿ ಇನ್ನೂ ಕೆಲವು ದಿನಗಳ ದವಸವಿದ್ದರೂ ಮುಂದೆ ಹಿಡಿ ಅಕ್ಕಿಯೂ ದೊರೆಯದೆಂಬ ಭಯಕ್ಕೆ ಸೇನಾ ಸಮಿತಿ ತುತ್ತಾಗಿ, 11ರ ರಾತ್ರಿ ಭಾರದ ತೋಪುಗಳನ್ನು ಕೆರೆಗೆ ತಳ್ಳಿ, ಸಾಮಗ್ರಿಯನ್ನು ಸುಟ್ಟು, ಗುಟ್ಟಾಗಿ ಹಿಂದಿರುಗಲು ಆಜ್ಞಾಪಿಸಿತು. ಗುಟ್ಟು ಉಳಿಯಲಿಲ್ಲ. ನಡುರಾತ್ರಿಯಲ್ಲೇ ದಾಳಿ ಆರಂಭವಾಯಿತು. ಕ್ಯಾಪ್ಟನ್ ಹಾರ್ಟ್ಲಿಯ ಸಿಪಾಯಿಗಳು ದಂಡಿನ ಹಿಂಬದಿಯನ್ನು ಕಾಯುತ್ತ ಗುಂಡಿನ ಸುರಿಮಳೆಯಿಂದ ಸವಾರರನ್ನು ಮತ್ತೆ ಮತ್ತೆ ಹಿಮ್ಮೆಟ್ಟಿಸಿದರು. ಬಂದೂಕು ತನ್ನಿಂದಾಗುವುದನ್ನು ಅಂದು ಪೂರ್ತಿಯಾಗಿ ಮಾಡಿತು, ಆ ಸಿಪಾಯಿಗಳ ಸ್ಥೈರ್ಯವನ್ನು ಇತಿಹಾಸಕಾರರು ಇನ್ನಷ್ಟು ಗೌರವದಿಂದ ನೆನೆಯಬೇಕಾಗಿದೆ. ಆದರೂ ಪಕ್ಕದ ವಡಗಾಂವದಲ್ಲಿ ಮರಾಠಾ ಸರದಾರರಾದ ಮಹಾದಜಿ ಶಿಂದೆ ಮತ್ತು ತುಕೋಜಿ ಹೋಳ್ಕರರ ಸೈನ್ಯದಿಂದ ಸುತ್ತುವರಿಯಲ್ಪಟ್ಟ ದಂಡಿಗೆ ಬೇರೆ ದಾರಿಯಿರಲಿಲ್ಲ. ಜನವರಿ 16ರ ಒಪ್ಪಂದದಂತೆ 1773ರಿಂದ ಗಳಿಸಿದ್ದ ಪ್ರದೇಶವನ್ನೆಲ್ಲ ಬಿಟ್ಟುಕೊಡಲು ಅದು ಸಮ್ಮತಿಸಿತು. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಇದನ್ನು ತಿರಸ್ಕರಿಸಿದ್ದರಿಂದ ಯುದ್ಧ ಮುಂದುವರಿದು 1782ರ ಸಾಲ್ಬಾಯಿ ಒಪ್ಪಂದದವರೆಗೂ ಎಳೆಯಿತು.

ಈ ನಡುವೆ ಮರಾಠರೊಡನೆ ಸಂಧಿ ಮಾಡಿಕೊಂಡ ಹೈದರಾಲಿಯೂ ಕಂಪನಿಯ ಬಂದೂಕಿನ ಬಲ ಎಲ್ಲಿ ಅಡಗಿದೆಯೆಂಬುದನ್ನು ಬಲ್ಲವನಾಗಿದ್ದನು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ದಂಡು ಚೌಕಾಕಾರವಾಗಿ ನಿಂತು ಎದುರಿಸುತ್ತಿದ್ದಾಗ ಮದ್ದಿನ ಬಂಡಿಗಳು ಸಿಡಿದು ಅದರ ಪ್ರತಿರೋಧ ಕುಸಿಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಭಿತ್ತಿಚಿತ್ರದಲ್ಲಿ ಕೆಂಪಂಗಿಯವರ ಬಂದೂಕಿನ ಸಾಲುಗಳನ್ನೂ ಅವರ ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿಯನ್ನೂ ಇಂದಿಗೂ ನೋಡಬಹುದು.

ವಡಗಾಂವದಲ್ಲಿ ಗೆದ್ದ ಮಹಾದಜಿ ಸೋತವರ ಪದ್ಧತಿಯನ್ನು ಅಲಕ್ಷಿಸಲಿಲ್ಲ. ಮುಂದೆ ಬೆನ್ವಾ ದ ಬುವಾನ್ ಎಂಬ ಸೇನಾಧಿಕಾರಿಯನ್ನು ನೇಮಿಸಿಕೊಂಡು, ಚಕಮಕಿ ಬಂದೂಕಿನ ಕವಾಯತಿನಲ್ಲಿ ಪಳಗಿದ ಪಲ್ಟನ್ನುಗಳನ್ನು ಅವನು ಕಟ್ಟಿದನು. ಆ ಪರಂಪರೆಯ ಪಲ್ಟನ್ನುಗಳನ್ನು 1803ರ ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಎದುರಿಸಿದಾಗ ಎರಡು ಕಡೆಯೂ ಕವಾಯತು ಕಲಿತ ಬಂದೂಕಿನ ಸಾಲುಗಳೇ ಇದ್ದವು. ಆದರೆ ವೆಲ್ಲೆಸ್ಲಿ ದವಸದ ವಿಷಯದಲ್ಲಿ 1779ರವರಂತೆ ನಡೆದುಕೊಂಡಿರಲಿಲ್ಲ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಬೆಳೆದು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ದನಗಳ ಇಲಾಖೆ 1799ರಲ್ಲಿ ಕಂಪನಿಯ ವಶವಾಗಿತ್ತು; ದಿವಾನ್ ಪೂರ್ಣಯ್ಯನವರ ಮೈಸೂರು ನೀಡಿದ ನೆರವಿನೊಡನೆ, ಮೈಸೂರು ಸೀಮೆಯ ಎತ್ತುಗಳ ಬೆನ್ನಮೇಲೆ ಅಕ್ಕಿಯನ್ನೂ ಮದ್ದುಗುಂಡನ್ನೂ ಹೇರಿಕೊಂಡು ಅವನು ದಖ್ಖನ್ನಿಗೆ ಹೊರಟಿದ್ದನು.